ಹತ್ತೊಂಬತ್ತು ಬಕೆಟ್ ನೀರು

ಆ ಬೆಳಿಗ್ಗೆಯೂ ಐದೂವರೆಗೆ ನಲ್ಲಿ ಕೆಮ್ಮಿತು. ವಿಲೆ ಪಾರ್ಲೆಯ ನಮ್ಮ ಬಿಲ್ಡಿಂಗಿನಲ್ಲಿ ನೀರು ಬರುವ ಮುಂಚೆ ಪೈಪು ಎರಡು ಸಲ ಕೆಮ್ಮುತ್ತದೆ, ಆಮೇಲೆ ಒಂದಿಷ್ಟು ಕೆಂಪು ನೀರು ಉಗುಳುತ್ತದೆ. ಅದು ತಿಳಿಯಾಗುವವರೆಗೆ ಕಾದು ನಿಂತೆ. ಮೊದಲು ಅತ್ತೆಯ ಮಡಿ ಕೊಡಪಾನ, ನಂತರ ಕುಡಿಯುವ ನೀರಿನ ತಾಮ್ರದ ಹಂಡೆ, ಕೊನೆಗೆ ಬಚ್ಚಲಿನ ಡ್ರಮ್ಮು. ಈ ಕ್ರಮ ತಪ್ಪಿದರೆ ಅತ್ತೆಗೆ ದಿನವಿಡೀ ತಲೆನೋವು. ಒಂದು ಕಡೆ ಚಪಾತಿ ಬೇಯಿಸುತ್ತಾ ಇನ್ನೊಂದು ಕಡೆ ಇವರ ಡಬ್ಬಿಗೆ ಅಲಸಂಡೆ ಪಲ್ಯ ತುಂಬಿದೆ. ಇವರು ವಿಕ್ರೋಳಿಯ ಕಾರ್ಖಾನೆಗೆ ಹೋಗಬೇಕಾದರೆ ಏಳು ಗಂಟೆಯ ಲೋಕಲ್ ಹಿಡಿದು, ದಾದರಿನಲ್ಲಿ ಇಳಿದು, ಸೇತುವೆ ಹತ್ತಿ ಇಳಿದು, ಆ ಕಡೆಯ ಲೈನಿನ ಗಾಡಿಗೆ ಮತ್ತೆ ನುಗ್ಗಬೇಕು. ಚಪ್ಪಲಿ ಮೆಟ್ಟುವಾಗ ಕರವಸ್ತ್ರ ಎಲ್ಲಿ ಎಂದು ಕೇಳಿದರು. ಅದು ಅವರ ಜೇಬಿನಲ್ಲೇ ಇತ್ತು.

ಡ್ರಮ್ಮು ತುಂಬಿಸುವಾಗ ನಾನು ಬಕೆಟ್ ಎಣಿಸುತ್ತೇನೆ. ಅದೊಂದು ಹಳೆಯ ಚಟ. ಯಾಕೆ ಎಣಿಸುತ್ತೀ ಎಂದು ಮನೆಯಲ್ಲಿ ಯಾರೂ ಕೇಳಿಲ್ಲ, ನಾನೂ ಹೇಳಿಲ್ಲ.

ಹನ್ನೊಂದು ಗಂಟೆಗೆ ಅಂಚೆಯವನು ಒಂದು ಕಾರ್ಡು ಹಾಕಿಹೋದ. ಗದಗದಿಂದ ಬಂದ ಕಾರ್ಡು. ಗುಂಡಗುಂಡಗಿನ ಕನ್ನಡ ಅಕ್ಷರದಲ್ಲಿ ಯಾರೋ ಬರೆದಿದ್ದರು: ನಮ್ಮ ಕಾಕಾ ಹೋದ ಶುಕ್ರವಾರ ತೀರಿಕೊಂಡರು. ಬಹಳ ದಿನದಿಂದ ದಮ್ಮು ಇತ್ತು. ನಿಮ್ಮ ಹತ್ತಿರ ಒಂದು ಚಿತ್ರ ಇದೆಯಂತೆ. ಅದರ ಅಂಚು ಬಣ್ಣ ತಿರುಗಿದೆಯೋ ಹೇಗೆ ಎಂದು ಕೇಳಿ ಬರೆ ಅಂತ ನನಗೆ ಎರಡು ಸಲ ಹೇಳಿದ್ದರು. ಅದರ ಅರ್ಥ ನನಗೆ ಗೊತ್ತಿಲ್ಲ. ತಮಗೆ ಗೊತ್ತಿದ್ದರೆ ತಿಳಿಸಬೇಕು.

ನನಗೆ ಗೊತ್ತಿತ್ತು. ಕಾರ್ಡನ್ನು ಹಿಟ್ಟಿನ ಡಬ್ಬಿಗೆ ಆನಿಸಿಟ್ಟು ಅಡುಗೆಮನೆಯ ಕಿಟಕಿಯಿಂದ ಕೆಳಗೆ ನೋಡಿದೆ.

ಕಿಟಕಿಯ ಕೆಳಗೆ, ಬಿಲ್ಡಿಂಗಿನ ಹಿಂಭಾಗದಲ್ಲಿ, ತಗಡಿನ ಬಾಗಿಲಿನ ಒಂದು ಗ್ಯಾರೇಜು ಇದೆ. ನಾನು ಮದುವೆಯಾಗಿ ಮಂಗಳೂರಿನಿಂದ ಇಲ್ಲಿಗೆ ಬಂದಾಗ ಬಿಲ್ಡಿಂಗಿನಲ್ಲಿ ಯಾರಿಗೂ ಕಾರಿರಲಿಲ್ಲ. ಮಾಲೀಕ ಅದನ್ನು ಒಬ್ಬ ಫೋಟೋದವರಿಗೆ ಬಾಡಿಗೆಗೆ ಕೊಟ್ಟಿದ್ದ. ಐವತ್ತೈದರ ಆಸುಪಾಸಿನ ವಯಸ್ಸು, ತೆಳ್ಳಗಿನ ಮೈ, ಬಿಳಿ ಪೈಜಾಮ, ಮೊಳಕೈವರೆಗೆ ಮಡಚಿದ ಅಂಗಿ. ಬಲಗೈ ಬೆರಳುಗಳ ತುದಿಯಲ್ಲಿ ಕಪ್ಪು ಕಲೆಗಳು. ಅದು ಏನೋ ಚರ್ಮದ ಕಾಯಿಲೆ ಎಂದು ಹೆಂಗಸರು ನಲ್ಲಿಯ ಹತ್ತಿರ ಅವರಿಗೆ ದೂರದಿಂದಲೇ ದಾರಿ ಬಿಡುತ್ತಿದ್ದರು. ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ. ಅವರು ಬೆರಳು ಬಿಸಿಲಿಗೆ ಹಿಡಿದು ತೋರಿಸಿದರು.

"ಬೆಳ್ಳಿರಿ ಬಾಯಾರ. ನೀವು ಕಾಲಿಗೆ ಹಾಕ್ಕೋತೀರಿ, ನಾನು ಬೆರಳಿಗೆ ಹಾಕ್ಕೋತೀನಿ."

ಅವರದು ಗದಗದ ಕಡೆಯ ಕನ್ನಡ. ಮನೆಯಲ್ಲಿ ದಖನಿ, ಹೊರಗೆ ಕನ್ನಡ, ಮುಂಬಯಿಯಲ್ಲಿ ಹಿಂದಿ. ನಾನು ಅವರನ್ನು ಚಾಚಾ ಎಂದು ಕರೆಯುತ್ತಿದ್ದೆ. ಬಿಲ್ಡಿಂಗಿನ ಉಳಿದವರಿಗೆ ಅವರು ಫೋಟೋವಾಲಾ. ಅವರೂ ಕೊನೆಯವರೆಗೆ ನನ್ನನ್ನು ಬಾಯಾರ ಎಂದೇ ಕರೆದರು. ನನಗಾಗ ಇಪ್ಪತ್ತಮೂರು. ನನ್ನನ್ನು ಯಾರೂ ಹಾಗೆ ದೊಡ್ಡವಳಂತೆ ಕರೆದಿರಲಿಲ್ಲ.

ಫೋಟೋದವರು ಎಂದರೆ ಪರದೆ, ಸ್ಟೂಲು, ಪ್ಲಾಸ್ಟಿಕ್ ಹೂವಿನ ಕುಂಡ ಇರಬೇಕಲ್ಲ. ಚಾಚಾರ ಗ್ಯಾರೇಜಿನಲ್ಲಿ ಅವು ಒಂದೂ ಇರಲಿಲ್ಲ. ಮನುಷ್ಯರ ಮುಖವನ್ನೇ ಅವರು ತೆಗೆಯುತ್ತಿರಲಿಲ್ಲ. ಭಾಂಡುಪಿನ ಆಚೆ ಖಾಡಿಯ ಹಿನ್ನೀರಿನ ಪಕ್ಕ ಉಪ್ಪಿನ ಗದ್ದೆಗಳಿವೆಯಲ್ಲ, ಅವುಗಳ ಚಿತ್ರ. ಬದುವಿನ ನಡುವೆ ನಿಂತ ನೀರು, ಬಿಳಿ ಗುಡ್ಡೆ, ಮುರಿದ ಒಂದು ಬುಟ್ಟಿ. ತಿಂಗಳಿಗೊಮ್ಮೆ ಚೀಲ ಹೆಗಲಿಗೇರಿಸಿಕೊಂಡು ಬೆಳಕು ಹರಿಯುವ ಮುಂಚೆ ಹೋಗಿ ತೆಗೆದುಕೊಂಡು ಬರುತ್ತಿದ್ದರು. ಉಳಿದ ದಿನವೆಲ್ಲ ಆ ಒಂದೆರಡು ಚಿತ್ರಗಳನ್ನು ದಪ್ಪ ಬ್ರೋಮೈಡ್ ಕಾಗದದ ಮೇಲೆ ಇಳಿಸುವುದು, ತೊಳೆಯುವುದು, ನೋಡುವುದು, ಸಮಾಧಾನವಾಗದೆ ಹರಿದುಹಾಕುವುದು.

ಮನೆಯಲ್ಲಿ ನಮ್ಮ ಯಜಮಾನರಿಗೆ ಅದು ತಮಾಷೆ. "ವಿಕ್ರೋಳಿಗೆ ಹೋಗ್ತಾ ಬರ್ತಾ ದಿನಾ ಪುಕ್ಕಟೆ ನೋಡ್ತೇನೆ ನಾನು ಅಂಥಾ ಉಪ್ಪು," ಎನ್ನುತ್ತಿದ್ದರು. "ಅದನ್ನು ದುಡ್ಡು ಕೊಟ್ಟು ತಗೊಂಡುಹೋಗಿ ಗೋಡೆಗೆ ಹಾಕುವವ ಯಾರು?"

ನನಗೂ ಅದೇ ಕುತೂಹಲ. ಶನಿವಾರ ಶನಿವಾರ ಅವರು ಒಂದು ಕಪ್ಪು ರಟ್ಟಿನ ಚೀಲದಲ್ಲಿ ಹತ್ತಾರು ಚಿತ್ರ ಇಟ್ಟುಕೊಂಡು ಕಾಳಾ ಘೋಡಾದ ಫುಟ್‌ಪಾತಿಗೆ ಹೋಗುತ್ತಿದ್ದರು. ಅಲ್ಲಿ ಪೇಂಟಿಂಗ್ ಮಾರುವವರ ಸಾಲಿನ ಕೊನೆಯಲ್ಲಿ ನಿಲ್ಲುತ್ತಿದ್ದರಂತೆ. ಬಂದವರಲ್ಲಿ ಹೆಚ್ಚಿನವರು ಪಾಸ್‌ಪೋರ್ಟ್ ಸೈಜಿಗೆ ಎಷ್ಟು ಎಂದು ಕೇಳಿ ಹೋಗುತ್ತಿದ್ದರು. ಕೊಳ್ಳಲು ಬಂದವರಿಗೂ ಚಾಚಾ ಸುಲಭದಲ್ಲಿ ಕೊಡುತ್ತಿರಲಿಲ್ಲ. ಮೊದಲು ಒಂದು ಜೊತೆ ಬಿಳಿ ಹತ್ತಿಯ ಕೈಗವಸು ಕೊಟ್ಟು ಹಾಕಿಕೊಳ್ಳಿ ಎನ್ನುವುದು. ಆಮೇಲೆ, ಯಾವ ಗೋಡೆಗೆ ಹಾಕುತ್ತೀರಿ, ಅದಕ್ಕೆ ಎದುರು ಕಿಟಕಿ ಇದೆಯೇ, ಸಾಯಂಕಾಲದ ಬಿಸಿಲು ಬೀಳುತ್ತದೆಯೇ ಎಂದು ವಿಚಾರಣೆ. ಮಲಬಾರ್ ಹಿಲ್ಲಿನ ಒಬ್ಬ ಸೇಠ್ ಪಡುವಣ ಕಿಟಕಿಯ ಎದುರಿನ ಗೋಡೆ ಎಂದದ್ದಕ್ಕೆ ಚಿತ್ರವನ್ನು ಚೀಲದೊಳಗೆ ವಾಪಸು ಹಾಕಿಕೊಂಡು ಬಂದರು. ಆ ದಿನ ಬಸ್ಸಿಗೂ ಚಿಲ್ಲರೆ ಇಲ್ಲದೆ ಚರ್ಚ್‌ಗೇಟಿನವರೆಗೆ ನಡೆದದ್ದನ್ನು ನಗುತ್ತಲೇ ಹೇಳಿದರು.

"ಹುಡುಗೀನ ಕೊಡೂಮುಂದ ಮನಿ ನೋಡೂದಿಲ್ಲೇನ್ರಿ?"

ಒದ್ದೆ ಚಿತ್ರವನ್ನು ಅವರು ಎತ್ತುವ ಬಗೆ ನನಗೆ ಬಹಳ ಇಷ್ಟ. ಆಗತಾನೆ ಲಟ್ಟಿಸಿದ ಹಪ್ಪಳವನ್ನು ಚಾಪೆಯಿಂದ ಎತ್ತುವ ಹಾಗೆ, ಎರಡು ಮೂಲೆಗಳನ್ನು ಬೆರಳ ತುದಿಯಲ್ಲಿ ಹಿಡಿದು, ಉಸಿರು ಬಿಗಿಹಿಡಿದು. ನೀರು ಒಂದೇ ಮೂಲೆಯಿಂದ ಇಳಿದು ಕೊನೆಯ ಹನಿ ಬೀಳುವವರೆಗೆ ಅಲುಗಾಡುತ್ತಿರಲಿಲ್ಲ.

ಅವರ ಕೆಲಸದಲ್ಲಿ ಮುಕ್ಕಾಲು ಪಾಲು ತೊಳೆಯುವುದೇ. ಚಿತ್ರ ಮೂಡಿದ ಮೇಲೆ ಅದು ನಿಲ್ಲಬೇಕಾದರೆ ಹೈಪೋ ಎನ್ನುವ ಒಂದು ಉಪ್ಪಿನ ನೀರಿನಲ್ಲಿ ಅದ್ದಬೇಕಂತೆ. ಆಮೇಲೆ ಆ ಹೈಪೋ ಕಾಗದದಿಂದ ಪೂರ್ತಿ ಬಿಟ್ಟುಹೋಗಬೇಕು. ಸ್ವಲ್ಪ ಉಳಿದರೂ ಇಂದಲ್ಲ ನಾಳೆ ಚಿತ್ರ ಹಳದಿಯಾಗಿ, ಕಂದಾಗಿ, ಅಳಿಸಿಹೋಗುತ್ತದೆ. ಸರಿಯಾಗಿ ತೊಳೆದದ್ದು ಪಕ್ಕಾ ಪ್ರಿಂಟು, ಉಳಿದದ್ದೆಲ್ಲ ಕಚ್ಚಾ. ಇವೆರಡೇ ಜಾತಿ ಅವರ ಲೆಕ್ಕದಲ್ಲಿ.

"ಹೈಪೋ ಕೆಟ್ಟದ್ದಲ್ರಿ. ಅದಿಲ್ಲಂದ್ರ ಚಿತ್ರ ನಿಲ್ಲೂದಿಲ್ಲ. ಆದ್ರ ತನ್ನ ಕೆಲಸ ಮುಗದ ಮ್ಯಾಲೆ ಹೋಗಬೇಕ್ರಿ. ಕುಂತ್ರ ತಿನತೈತಿ."

ತೊಳೆದದ್ದು ಸಾಕೋ ಇಲ್ಲವೋ ಎಂದು ತಿಳಿಯಲು ಅವರ ಬಳಿ ಕಂದು ಬಣ್ಣದ ಒಂದು ಸಣ್ಣ ಸೀಸೆ ಇತ್ತು. ಅದರಲ್ಲಿದ್ದದ್ದು ಬೆಳ್ಳಿಯ ದ್ರಾವಣ. ಗ್ಯಾರೇಜಿನ ಬಾಗಿಲಿಗೆ ಬಂದು, ಬೆಳಕಿನಲ್ಲಿ, ಚಿತ್ರದ ಬಿಳಿ ಅಂಚಿನ ಮೇಲೆ ಅದರದ್ದೊಂದು ಹನಿ. ಎರಡು ನಿಮಿಷ ಕಾಯುವುದು. ಹನಿ ಬಿದ್ದಲ್ಲಿ ಕಂದು ಕಲೆ ಎದ್ದರೆ ಒಳಗೆ ಇನ್ನೂ ಹೈಪೋ ಇದೆ ಎಂದರ್ಥ. ಬಿಳಿಯಾಗಿಯೇ ಉಳಿದರೆ ಪಕ್ಕಾ. ಆ ಎರಡು ನಿಮಿಷ ಅವರು ಮಾತಾಡುತ್ತಿರಲಿಲ್ಲ. ನಾನೂ ಮೇಲೆ ಕಿಟಕಿಯಲ್ಲಿ ಒಗ್ಗರಣೆ ಸೀದರೂ ಬಿಡದೆ ನಿಂತು ನೋಡುತ್ತಿದ್ದೆ. ಕಂದು ಎದ್ದರೆ ಅವರು ಬೈಯುತ್ತಿರಲಿಲ್ಲ. "ಇನ್ನೂ ಐತಿ," ಎಂದು ತಮಗೆ ತಾವೇ ಹೇಳಿಕೊಂಡು ಮತ್ತೆ ನೀರಿಗೆ ಬಿಡುತ್ತಿದ್ದರು.

ಅತ್ತೆಗೆ ಮೊದಲು ಇದೆಲ್ಲ ಸರಿ ಕಾಣಲಿಲ್ಲ. ಒಂದು ದಿನ ಕಿಟಕಿಯಲ್ಲಿ ನನ್ನ ಪಕ್ಕ ನಿಂತು ಅರ್ಧ ಗಂಟೆ ನೋಡಿದರು. ಒಂದು ಚಿತ್ರವನ್ನು ಹನ್ನೆರಡು ಸಲ ನೀರು ಬದಲಿಸಿ ತೊಳೆಯುವುದನ್ನು ಕಂಡ ಮೇಲೆ, "ಇವರ ಮಡಿ ನನ್ನ ಮಡಿಗಿಂತ ದೊಡ್ಡದು ಮಾರಾಯ್ತಿ," ಎಂದು ಒಳಗೆ ಹೋದರು. ಆಮೇಲೆ ಅವರ ಬಗ್ಗೆ ಅತ್ತೆ ಒಂದು ಕೆಟ್ಟ ಮಾತೂ ಆಡಿದ್ದು ನಾನು ಕೇಳಿಲ್ಲ.

ಇಷ್ಟು ತೊಳೆಯುವ ಹಟ ಹೇಗೆ ಬಂತು ಎಂದು ಕೇಳಿದಾಗ ಚಾಚಾ ಒಂದು ಸಲ ಮಾತ್ರ ಹೇಳಿದರು. ಹಿಂದೆ ಊರಲ್ಲಿ ಅವರದೂ ಪರದೆ, ಸ್ಟೂಲು ಇದ್ದ ಸ್ಟುಡಿಯೋನೇ. ಮದುವೆ ಕಾಲದಲ್ಲಿ ದಿನಕ್ಕೆ ನೂರು ಪ್ರಿಂಟು. ನೀರಿಗೆ ಅದ್ದಿ ತೆಗೆದು ಒಣಹಾಕುವುದು, ಅಷ್ಟೇ. ಎಂಟು ವರ್ಷದ ಮೇಲೆ ಒಬ್ಬ ಹೆಣ್ಣುಮಗಳು ಸೆರಗಿನಲ್ಲಿ ಮುಚ್ಚಿಕೊಂಡು ತನ್ನ ಮದುವೆಯ ಫೋಟೋ ತಂದಳು. ಮದುಮಗನ ಮುಖದ ಜಾಗದಲ್ಲಿ ಕಂದು ಮಚ್ಚೆ. ಆ ಮನುಷ್ಯ ತೀರಿಹೋಗಿ ತಿಂಗಳಾಗಿತ್ತು. ಬೇರೆ ಫೋಟೋ ಇಲ್ಲ. ಇನ್ನೊಂದು ತೆಗೆದುಕೊಡಿ ಎಂದು ಕೇಳಿದಳು. ನೆಗೆಟಿವ್ ಎಂದೋ ಎಸೆದಾಗಿತ್ತು. ಅವಳು ಜಗಳ ಮಾಡಲಿಲ್ಲವಂತೆ. ನೀರು ಕೇಳಿ ಕುಡಿದು ಹೋದಳಂತೆ. ಆ ವರ್ಷವೇ ಅವರು ಸ್ಟುಡಿಯೋ ಮುಚ್ಚಿದರು.

"ಅದಕ್ಕ ಈಗ ಉಪ್ಪಿಂದು ತೆಗಿತೀನ್ರಿ. ಉಪ್ಪು ಅಳಿಸಿಹೋದ್ರ ಯಾರೂ ಅಳೂದಿಲ್ಲ," ಎಂದರು. ಹಾಗೆಂದವರು ಉಪ್ಪಿನ ಗುಡ್ಡೆಯನ್ನೂ ಹನ್ನೆರಡು ಸಲ ತೊಳೆಯುತ್ತಿದ್ದರು.

ಇಷ್ಟಕ್ಕೆಲ್ಲ ನೀರು ಬೇಕಲ್ಲ. ಗ್ಯಾರೇಜಿನ ಹೊರಗೆ ಒಂದು ನಲ್ಲಿ, ನಮಗೆ ಬರುವ ಹೊತ್ತಿಗೇ ಅದರಲ್ಲೂ ನೀರು. ಎರಡು ಡ್ರಮ್ಮು ತುಂಬಿಸಿಟ್ಟುಕೊಂಡು, ಹಗಲೆಲ್ಲ ಅದರಿಂದ ಬಕೆಟಿನಲ್ಲಿ ಎತ್ತಿ ಎತ್ತಿ ಬಾಗಿಲ ಬಳಿಯ, ಚಿತ್ರ ತೊಳೆಯುವ ತಟ್ಟೆಗೆ ಹಾಕುವುದು. ತಟ್ಟೆಯ ತಳದಿಂದ ಒಂದು ರಬ್ಬರ್ ಕೊಳವೆ ಹೊರಗಿನ ತಗಡಿನ ಡಬ್ಬಕ್ಕೆ ಇಳಿದಿತ್ತು. ಹೈಪೋ ಕೂಡಿದ ನೀರು ಭಾರ, ಅದು ತಳಕ್ಕೆ ಕೂರುತ್ತದೆ, ಅದಕ್ಕೇ ತಳದಿಂದಲೇ ನಿಧಾನವಾಗಿ ಬಿಡಬೇಕಂತೆ. ತೊಳೆಯುವ ದಿನ ಆ ನೀರು ತಗಡಿನ ಮೇಲೆ ಟಪ್ ಟಪ್ ಎಂದು ಬೆಳಗಿನಿಂದ ಸಂಜೆಯವರೆಗೆ ಬೀಳುತ್ತಿತ್ತು. ಹಿಂಭಾಗದ ಸಣ್ಣ ಅಂಗಳದಲ್ಲಿ ಆ ಸದ್ದು ನಾಲ್ಕೂ ಮಾಳಿಗೆಗೆ ಕೇಳುತ್ತಿತ್ತು.

ನಾನು ಬಕೆಟ್ ಎಣಿಸತೊಡಗಿದ್ದು ಆಗ. ಬರೇ ಕುತೂಹಲಕ್ಕೆ. ಒಂದು ಸಲ ಲೆಕ್ಕ ತಪ್ಪದಿರಲೆಂದು ಕಿಟಕಿಯ ಸರಳಿನ ಮೇಲೆ ಬೆರಳಿಟ್ಟುಕೊಂಡಿದ್ದೆ. ಚಾಚಾ ತಲೆ ಎತ್ತಿದರು.

"ಎಷ್ಟಾತ್ರಿ ಬಾಯಾರ?"

ಸರಳಿನಿಂದ ಬೆರಳು ತೆಗೆದೆ. ಹತ್ತೊಂಬತ್ತು ಎಂದೆ.

"ಬರೋಬ್ಬರಿ," ಎಂದು ತಲೆ ಅಲ್ಲಾಡಿಸಿದರು. ಅಂದಿನಿಂದ ಅದೊಂದು ಆಟವಾಯಿತು. ಕೆಲಸ ಮುಗಿದಾಗ ಕೆಳಗಿನಿಂದ ಕೇಳುವುದು, ಮೇಲಿನಿಂದ ನಾನು ಹೇಳುವುದು. ಇಪ್ಪತ್ತಾದ ದಿನ ಅವರಿಗೆ ಸೋತ ಮುಖ. ಪ್ರಿಂಟು ತೊಳೆಯುವುದು ವಾರಕ್ಕೆ ಎರಡೇ ದಿನ. ನನಗೆ ಇನ್ನೂ ಕುತೂಹಲ ಹೆಚ್ಚಾಗಿ ನಮ್ಮ ಮನೆಯದನ್ನೂ ಎಣಿಸಿದೆ. ಮೂರು ಜನರ ಸ್ನಾನ, ಬಟ್ಟೆ, ಪಾತ್ರೆ, ಅತ್ತೆ ಮಡಿಗೆ ಚಿಮುಕಿಸಿದ್ದು ಎಲ್ಲ ಸೇರಿ ದಿನಕ್ಕೆ ಇಪ್ಪತ್ತಮೂರು ಬಕೆಟ್. ಇದನ್ನು ಚಾಚಾಗೆ ಹೇಳಿದಾಗ ಅವರು ಬಹಳ ಹೊತ್ತು ನಕ್ಕರು.

ಗಂಜಿಯ ಕಥೆ ಹೇಳದಿದ್ದರೆ ಅವರು ನಗುವ ಬಗೆ ಗೊತ್ತಾಗುವುದಿಲ್ಲ. ಚಿತ್ರಗಳನ್ನು ಅವರು ಬಿಳಿ ಬಟ್ಟೆಯ ಮೇಲೆ ಬೋರಲು ಮಲಗಿಸಿ ಒಣಗಿಸುತ್ತಿದ್ದರು. ಹಳೆಯ ಮೆತ್ತನೆಯ ಧೋತ್ರ ಇದ್ದರೆ ಕೊಡಿ ಎಂದು ನನ್ನನ್ನು ಕೇಳಿದರು. ಇವರ ಹಳೆಯ ಮುಂಡು ಒಂದಿತ್ತು. ಬೇರೆಯವರಿಗೆ ಕೊಡುವಾಗ ಹಾಗೇ ಕೊಡಲಾಗುತ್ತದೆಯೇ? ಚೆನ್ನಾಗಿ ಒಗೆದು, ನೀಲಿ ಹಾಕಿ, ಕುಚ್ಚಲಕ್ಕಿಯ ಗಂಜಿತಿಳಿಯಲ್ಲಿ ಅದ್ದಿ ಒಣಗಿಸಿ, ಇಸ್ತ್ರಿ ಮಾಡಿ ಕೊಟ್ಟೆ. ಮುಂಡು ರಟ್ಟಿನ ಹಾಗೆ ನಿಲ್ಲುತ್ತಿತ್ತು. ನನಗೆ ಹೆಮ್ಮೆಯೋ ಹೆಮ್ಮೆ. ಒದ್ದೆ ಚಿತ್ರ ಅದರ ಮೇಲೆ ಮಲಗಿತು, ಗಂಜಿ ಕರಗಿತು, ಮಾರನೆಯ ದಿನ ಚಿತ್ರವೂ ಮುಂಡೂ ಒಂದೇ ಆಗಿದ್ದವು. ಚಾಚಾ ಒಂದು ವಾರ ಏನೂ ಹೇಳಲಿಲ್ಲ. ಆಮೇಲೆ ನಾನೇ ಇನ್ನೊಂದು ಮುಂಡು ಬೇಕೇ ಎಂದು ಕೇಳಿದಾಗ, "ಬ್ಯಾಡ್ರಿ ಬಾಯಾರ, ಮೊದಲಿಂದು ಇನ್ನೂ ಬಿಟ್ಟಿಲ್ರಿ," ಎಂದರು. ಅಷ್ಟು ಹೇಳುವಷ್ಟರಲ್ಲಿ ನಗು ತಡೆಯಲಾರದೆ ಗ್ಯಾರೇಜಿನ ಬಾಗಿಲು ಹಿಡಿದುಕೊಂಡರು. ಮತ್ತೆ ಎರಡು ದಿನ ನೆನೆಸಿ ಆ ಚಿತ್ರವನ್ನು ಬಿಡಿಸಿದರು. ಒಂದು ಅಂಚಿನಲ್ಲಿ ಕೂದಲೆಳೆಯಷ್ಟು ನೀಲಿ ಉಳಿದುಬಿಟ್ಟಿತು. ಅದನ್ನು ಮಾರುವ ಹಾಗಿಲ್ಲ ಎಂದು ನನಗೇ ಕೊಟ್ಟರು. ಈಗ ನನ್ನ ಹತ್ತಿರ ಇರುವುದು ಅದೇ. ಭಾಂಡುಪಿನ ಉಪ್ಪಿನ ಗದ್ದೆ, ನಡುವೆ ಒಂದು ಹಲಗೆ, ಅದರ ಮೇಲೆ ಯಾರೋ ಬಿಟ್ಟುಹೋದ ಚಪ್ಪಲಿ.

ನಾನು ಅವರಿಗೆ ಮಾಡಿಕೊಟ್ಟ ಕೆಲಸ ಎಂದರೆ ಬರೆಯುವುದು. ಚಿತ್ರದ ಬೆನ್ನಿಗೆ ಮೆತ್ತಗಿನ ಪೆನ್ಸಿಲ್ಲಿನಲ್ಲಿ ಜಾಗದ ಹೆಸರು, ಎಷ್ಟು ಸಲ ತೊಳೆದದ್ದು, ಹನಿಯ ಪರೀಕ್ಷೆ ಆಯಿತೋ ಇಲ್ಲವೋ, ಎಲ್ಲ ಇಂಗ್ಲಿಷಿನಲ್ಲಿ. ಅವರಿಗೆ ಇಂಗ್ಲಿಷ್ ಮಾತು ಅಷ್ಟಿಷ್ಟು ಬರುತ್ತಿತ್ತು, ಓದುಬರಹ ಬರುತ್ತಿರಲಿಲ್ಲ. ನಾನೋ ಕಾನ್ವೆಂಟಿನವಳು. ಸಿಸ್ಟರ್ ನಾಲ್ಕು ಗೆರೆಯ ಪುಸ್ತಕದಲ್ಲಿ ಬೆರಳ ಗಂಟಿಗೆ ಹೊಡೆದು ಕಲಿಸಿದ ಓರೆ ಅಕ್ಷರ ನನ್ನದು. ಮದುವೆಯಾದ ಮೇಲೆ ಅದು ಧೋಬಿ ಲೆಕ್ಕಕ್ಕೆ ಬಿಟ್ಟರೆ ಯಾತಕ್ಕೂ ಬಂದಿರಲಿಲ್ಲ. ಚಾಚಾ ನನ್ನ ಅಕ್ಷರವನ್ನು ದೂರ ಹಿಡಿದು, ಹತ್ತಿರ ಹಿಡಿದು, ಚಿತ್ರ ನೋಡುವ ಹಾಗೆಯೇ ನೋಡುತ್ತಿದ್ದರು.

ಆ ವರ್ಷ ಚಳಿಗಾಲದಲ್ಲಿ ಫುಟ್‌ಪಾತಿನಲ್ಲಿ ಒಬ್ಬ ಜರ್ಮನ್ ಹೆಂಗಸು ಅವರ ಚಿತ್ರ ನೋಡಿದಳು. ಕೈಗವಸನ್ನು ತಾನೇ ಕೇಳಿ ಹಾಕಿಕೊಂಡಳಂತೆ. ಅವಳ ಊರಿನ ಮ್ಯೂಸಿಯಮ್ಮಿಗೆ ಹನ್ನೆರಡು ಪ್ರಿಂಟು ಬೇಕು, ಮೇ ಕೊನೆಗೆ ಊರಿಗೆ ಹೊರಡುವಾಗ ತಾನೇ ಒಯ್ಯುತ್ತೇನೆ ಎಂದಳು. ಎಲ್ಲವೂ ಪಕ್ಕಾ ಇರಬೇಕು, ಅಲ್ಲಿ ಪರೀಕ್ಷೆ ಮಾಡಿಯೇ ತೆಗೆದುಕೊಳ್ಳುತ್ತಾರೆ. ಚಾಚಾ ಆ ಸುದ್ದಿ ಹೇಳಲು ನಮ್ಮ ಹಿಂಬಾಗಿಲಿನ ಮೆಟ್ಟಿಲವರೆಗೆ ಬಂದರು. ಮ್ಯೂಸಿಯಮ್ಮಿನಲ್ಲಿ ಚಿತ್ರಗಳನ್ನು ಕತ್ತಲೆಯಲ್ಲಿ, ತಣ್ಣಗಿನ ಕೋಣೆಯಲ್ಲಿ ಇಡುತ್ತಾರಂತೆ, ಬಿಸಿಲೇ ಇಲ್ಲವಂತೆ. ಮಗಳಿಗೆ ಒಳ್ಳೆಯ ಮನೆ ಸಿಕ್ಕ ತಂದೆಯ ಮುಖ ಅವರದು.

ಏಪ್ರಿಲ್ ಮುಗಿಯುವಷ್ಟರಲ್ಲಿ ಆರು ಪ್ರಿಂಟು ಆಗಿದ್ದವು. ಅದೇ ಹೊತ್ತಿಗೆ ನೀರು ಕಡಿಮೆಯಾಯಿತು. ಒಂದೂವರೆ ಗಂಟೆ ಬರುತ್ತಿದ್ದದ್ದು ಮುಕ್ಕಾಲು ಗಂಟೆಗೆ ಇಳಿಯಿತು. ಮೂರನೇ ಮಾಳಿಗೆಗೆ ಏರುತ್ತಲೇ ಇರಲಿಲ್ಲ. ಖಾಲಿ ಡ್ರಮ್ಮಿನ ಮುಂದೆ ನಿಂತ ಹೆಂಗಸರ ಕಿವಿಗೆ ಅಂಗಳದಿಂದ ಇಡೀ ದಿನ ಟಪ್ ಟಪ್. ನಾನು ಎರಡನೇ ಮಾಳಿಗೆಯ ವಾರಿಜಕ್ಕನಿಗೆ, ಅದು ಕೊಳವೆಯ ಹನಿ, ನಲ್ಲಿಯದಲ್ಲ ಎಂದು ಹೇಳಿನೋಡಿದೆ. ವಾರಿಜಕ್ಕನ ಗಂಡನಿಗೆ ಸ್ಟೇಷನ್ ಹತ್ತಿರ ಹೋಟೆಲು. ಮಾತು ಗಟ್ಟಿ, ಮನಸ್ಸು ಕೆಟ್ಟದಲ್ಲ.

"ನಿನಗೆ ಎಂತ ಗೊತ್ತು ಮಾರಾಯ್ತಿ," ಎಂದಳು. "ಬೆಳಗಿಂದ ಸಂಜೆವರೆಗೆ ಬೀಳುವುದು ಕಿವಿಗೆ ಕೇಳ್ತಾ ಉಂಟಲ್ಲ."

ಹತ್ತೊಂಬತ್ತು ಎಂಬ ಲೆಕ್ಕ ನನ್ನ ಬಾಯಿಯವರೆಗೆ ಬಂತು. ಹೇಳಿದರೆ, ನೀನು ಕಿಟಕಿಯಲ್ಲಿ ನಿಂತು ಅವನ ಬಕೆಟ್ ಎಣಿಸುತ್ತಾ ಇರುತ್ತೀಯಾ ಎಂದು ಕೇಳುವಳು. ಖಾಲಿ ಕೊಡ ಎತ್ತಿಕೊಂಡು ಒಳಗೆ ಬಂದೆ.

ಮಾಲೀಕನಿಗೆ ಕಾಗದ ಬರೆಯಬೇಕೆಂದು ಬಿಲ್ಡಿಂಗಿನ ಬಾಡಿಗೆದಾರರ ಸೆಕ್ರೆಟರಿ ಹೇಳಿದ. ಇಂಗ್ಲಿಷಿನಲ್ಲೇ ಬರೆಯಬೇಕು, ಹಾಗಾದರೇ ಬೆಲೆ. ಬಿಲ್ಡಿಂಗಿನಲ್ಲಿ ಕಾನ್ವೆಂಟ್ ಓದಿದವರು ಯಾರು? ವಾರಿಜಕ್ಕನೂ ಸೆಕ್ರೆಟರಿಯ ಹೆಂಡತಿಯೂ ಫುಲ್‌ಸ್ಕೇಪ್ ಹಾಳೆ ಹಿಡಿದುಕೊಂಡು ನನ್ನ ಅಡುಗೆಮನೆಗೆ ಬಂದರು. ಅವರು ಕೂತಿದ್ದರು, ಚಾ ಮಾಡಿದೆ, ಬರೆದೆ. ಬರೆದದ್ದು ಹೇಗೆಂದು ನಾನು ಯಾರಿಗೂ ಹೇಳಿಲ್ಲವಾದ್ದರಿಂದ ಇಲ್ಲಿ ಪೂರ್ತಿ ಹೇಳುತ್ತೇನೆ. ಒತ್ತಾಯಕ್ಕೆ ಬರೆದೆ ಎನ್ನುವುದು ಅರ್ಧ ನಿಜ. ಮೊದಲ ವಾಕ್ಯ ಬರೆದ ಮೇಲೆ ನನಗೆ ಹುರುಪು ಬಂತು. ಎಷ್ಟೋ ವರ್ಷದ ಮೇಲೆ ಇಂಗ್ಲಿಷಿನಲ್ಲಿ ಪ್ರಬಂಧ ಬರೆದ ಹಾಗೆ. ನೀರನ್ನು ನಿರಂತರವಾಗಿ, ಮಿತಿಮೀರಿ ಬಳಸಲಾಗುತ್ತಿದೆ ಎನ್ನುವುದಕ್ಕೆ ಒಳ್ಳೆಯ ಪದಗಳು ತಾವಾಗಿ ಬಂದವು. ಒಂದು ಪದ ಹೊಡೆದುಹಾಕಿ ಅದಕ್ಕಿಂತ ಚೆನ್ನಾದದ್ದು ಹಾಕಿದೆ, ಆಮೇಲೆ ಹಾಳೆ ಕೊಳಕಾಯಿತೆಂದು ಇಡೀ ಕಾಗದವನ್ನು ಮತ್ತೊಮ್ಮೆ ಬರೆದೆ. ಕೆಳಗೆ ಎಲ್ಲರೂ ಸಹಿ ಮಾಡಿದರು. ನಾನೂ ಮಾಡಿದೆ. ರಾತ್ರಿ ಊಟಕ್ಕೆ ಕೂತಾಗ ಇವರಿಗೆ ಹೇಳಿದೆ. "ಎಲ್ಲರೂ ಹಾಕಿದ ಮೇಲೆ ನಾವೊಬ್ಬರೇ ಬಿಟ್ಟರೆ ಚೆನ್ನಾಗಿರುವುದಿಲ್ಲ," ಎಂದರು, ಸಾರು ಹಾಕಿಸಿಕೊಂಡರು.

ನಾಲ್ಕನೇ ದಿನ ಮಧ್ಯಾಹ್ನ ಹಿಂಬಾಗಿಲಿನಲ್ಲಿ ಚಾಚಾ ನಿಂತಿದ್ದರು. ಕೈಯಲ್ಲಿ ಆ ಕಾಗದ. ಮಾಲೀಕ ಅದನ್ನೇ ಅವರ ಕೈಗೆ ಕೊಟ್ಟು ಓದಿಸಿಕೋ ಎಂದಿದ್ದನಂತೆ. ಅದನ್ನೂ ಅವರು ಎರಡು ಮೂಲೆಯಲ್ಲೇ ಹಿಡಿದಿದ್ದರು.

"ಏನ್ ಬರದಾರ ಸ್ವಲ್ಪ ಓದಿ ಹೇಳ್ರಿ ಬಾಯಾರ."

ಅತ್ತೆ ಒಳಗೆ ಮಲಗಿದ್ದರು. ನಾನು ನನ್ನದೇ ಅಕ್ಷರವನ್ನು ಹೊಸದಾಗಿ ನೋಡುವವಳಂತೆ ಮೇಲಿನಿಂದ ಕೆಳಗೆ ನೋಡಿದೆ. ನೀರು ಸ್ವಲ್ಪ ಹೆಚ್ಚು ಖರ್ಚಾಗುತ್ತಿದೆ ಅಂತ ಬರೆದಿದ್ದಾರೆ ಎಂದೆ.

"ಸ್ವಲ್ಪ ಅಂತ ಬರದಾರೇನ್ರಿ?"

"ಇಲ್ಲ," ಎಂದೆ. "ಬಹಳ ಅಂತ ಬರೆದಿದ್ದಾರೆ."

ಅವರು ಸ್ವಲ್ಪ ಹೊತ್ತು ಕಾದರು. ಹನಿ ಹಾಕಿ ಕಾಯುವಾಗ ಹೇಗೋ ಹಾಗೆಯೇ.

"ಎಷ್ಟು ಬಕೀಟ್ ಅಂತ ಬರದಾರ?"

"ಅದು ಬರೆದಿಲ್ಲ ಚಾಚಾ."

ಅವರು ತಲೆ ಅಲ್ಲಾಡಿಸಿದರು. ಕಾಗದವನ್ನು ವಾಪಸು ತೆಗೆದುಕೊಂಡು, ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು.

"ಅಕ್ಷರ ಮಾತ್ರ ಭಾಳ ಛಲೋ ಅದಾವ್ರಿ," ಎಂದು ಮೆಟ್ಟಿಲಿಳಿದರು.

ಮಾರನೆಯ ದಿನ ಗ್ಯಾರೇಜಿನ ನಲ್ಲಿಗೆ ಪ್ಲಂಬರ್ ಬಂದು ಬಿರಡೆ ಹಾಕಿಹೋದ. ಟಪ್ ಟಪ್ ನಿಂತಿತು. ಉಳಿದ ಆರು ಪ್ರಿಂಟುಗಳಿಗೆ ಇಪ್ಪತ್ತು ದಿನ ಬಾಕಿ ಇತ್ತು.

ನಾನು ನಮ್ಮ ಮನೆಯ ನೀರು ಕೊಡುತ್ತೇನೆ ಎಂದೆ. ಅವರು ಬೇಡವೆಂದರು, ನಾನು ಬಿಡಲಿಲ್ಲ. ಮೂರು ದಿನ ಬೆಳಿಗ್ಗೆ, ಅತ್ತೆ ಪೂಜೆಗೆ ಕೂತಾಗ, ಹಿಂದಿನ ಮೆಟ್ಟಿಲಿನಿಂದ ಬಕೆಟ್ ಇಳಿಸಿದೆ. ಮೂರು ದಿನದ್ದೂ ಸೇರಿ ಏಳು ಬಕೆಟ್‌ಗಿಂತ ಹೆಚ್ಚು ಆಗಲಿಲ್ಲ. ಅಷ್ಟರಲ್ಲೇ ಎರಡು ಪ್ರಿಂಟು ತೊಳೆದರು. ರಸ್ತೆಯಾಚೆಯ ಬಾವಿಯ ನೀರನ್ನೂ ತಂದು ನೋಡಿದರು, ಅದು ಉಪ್ಪು. ಮೂರನೇ ದಿನ ಅಂಚಿಗೆ ಹನಿ ಹಾಕಿದರು. ಈ ಸಲ ನಾನು ಕಿಟಕಿಯಲ್ಲಿ ಅಲ್ಲ, ಗ್ಯಾರೇಜಿನ ಬಾಗಿಲಲ್ಲೇ ನಿಂತಿದ್ದೆ. ಒಂದು ನಿಮಿಷದಲ್ಲೇ ಕಂದು ಎದ್ದಿತು, ಚಾದ ಕಲೆಯ ಹಾಗೆ.

ಚಿತ್ರವೇನೋ ನನ್ನ ಕಣ್ಣಿಗೆ ಅಚ್ಚಬಿಳಿಯಾಗಿ, ಚೆಂದವಾಗಿಯೇ ಇತ್ತು. ಈಗ ಹೀಗೆಯೇ ಕೊಟ್ಟರೆ ಇಲ್ಲಿ ಯಾರಿಗೆ ಗೊತ್ತಾಗುತ್ತದೆ, ಪರೀಕ್ಷೆಯಲ್ಲಿ ಕಂಡರೆ ಅಲ್ಲೇ ಮತ್ತೆ ತೊಳೆದುಕೊಳ್ಳಲಿ ಎಂದೆ.

"ನನಗ ಗೊತ್ತೈತಲ್ರಿ," ಎಂದರು.

ಎರಡನ್ನೂ ನಡುವೆ ಹರಿದು ಡಬ್ಬಕ್ಕೆ ಹಾಕಿದರು. ಜರ್ಮನ್ ಹೆಂಗಸಿಗೆ ಆರೇ ಪ್ರಿಂಟು ಹೋದವು. ಉಳಿದ ಆರು ಆಗಲಿಲ್ಲ ಎಂಬ ಚೀಟಿಯನ್ನು ಬರೆದುಕೊಟ್ಟವಳೂ ನಾನೇ. ಮ್ಯೂಸಿಯಮ್ಮಿಗೆ ಹನ್ನೆರಡರ ಸೆಟ್ಟು ಬೇಕಿತ್ತಂತೆ. ಅವಳು ಆರನ್ನು ತನಗಾಗಿ ಇಟ್ಟುಕೊಂಡು ಊರಿಗೆ ಹೋದಳು. ಚಾಚಾ ಜೂನ್ ಹುಟ್ಟುವ ಮುಂಚೆ ಗ್ಯಾರೇಜು ಬಿಟ್ಟು ಗದಗಕ್ಕೆ ಹೊರಟರು. ಹೊರಡುವ ದಿನ ನಮ್ಮ ವಿಳಾಸ ಬರೆಸಿಕೊಂಡರು. ಬರೆದ ಚೀಟಿಯನ್ನು ನೋಡಿ ಅಕ್ಷರದ ಬಗ್ಗೆ ಏನೂ ಹೇಳಲಿಲ್ಲ. ಚಿತ್ರ ಬಿಸಿಲು ಬೀಳದ ಗೋಡೆಗೆ ಹಾಕ್ರಿ ಎಂದಷ್ಟೇ ಹೇಳಿದರು. ಮಳೆಗೆ ಇನ್ನು ಹತ್ತು ಹನ್ನೆರಡು ದಿನ ಇತ್ತು.

ಆ ಕಾಗದ ಬರೆದದ್ದು ಯಾರೆಂದು ಅವರಿಗೆ ಗೊತ್ತಿತ್ತೇ? ನನ್ನ ಅಕ್ಷರವನ್ನು ಅಷ್ಟು ಸಲ ಚಿತ್ರದಂತೆ ನೋಡಿದವರು. ಗೊತ್ತಿದ್ದೂ ನನ್ನ ಹತ್ತಿರವೇ ಓದಿಸಲು ಬಂದರೋ, ಅಥವಾ ಓದಿ ಹೇಳುವವರು ಬೇರೆ ಯಾರೂ ಇಲ್ಲವೆಂದು ಬಂದರೋ? ಈ ಮೂರು ವರ್ಷದಲ್ಲಿ ಬಕೆಟ್ ಎಣಿಸುತ್ತಾ ನಾನು ಇದನ್ನೇ ಯೋಚಿಸಿದ್ದೇನೆ.

ಊಟದ ಪಾತ್ರೆ ತೊಳೆದಿಟ್ಟು, ಕೈ ಒರೆಸಿ, ಗೋಡೆಯಿಂದ ಚಿತ್ರ ಇಳಿಸಿದೆ. ಕಟ್ಟು ಬಿಚ್ಚಿ ಅಂಚನ್ನು ಕಿಟಕಿಯ ಬೆಳಕಿಗೆ ಹಿಡಿದೆ. ನಾಲ್ಕೂ ಕಡೆ ಬಿಳಿ. ಒಂದು ಬದಿಯಲ್ಲಿ ನನ್ನ ನೀಲಿಯ ಎಳೆ. ಹಿಂದೆ ಪೆನ್ಸಿಲ್ಲಿನಲ್ಲಿ ನನ್ನ ಓರೆ ಅಕ್ಷರ, ಬರೆದ ದಿನದಷ್ಟೇ ಸ್ಪಷ್ಟ.

ಒಂದು ಕಾರ್ಡು ತೆಗೆದುಕೊಂಡು ಕನ್ನಡದಲ್ಲಿ ಬರೆದೆ: ಅಂಚು ಬಿಳಿಯಾಗಿಯೇ ಇದೆ, ಸ್ವಲ್ಪವೂ ತಿರುಗಿಲ್ಲ. ಚಿತ್ರ ಬಿಸಿಲು ಬೀಳದ ಗೋಡೆಯ ಮೇಲಿದೆ. ಅವರು ಹನ್ನೆರಡು ಸಲ ತೊಳೆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಾರ್ಡಿನಲ್ಲಿ ಇನ್ನೂ ಅರ್ಧ ಜಾಗ ಉಳಿದಿತ್ತು. ಆಮೇಲೆ, ಅವರಿಗೆ ಬೇಕಾಗುತ್ತಿದ್ದದ್ದು ಹತ್ತೊಂಬತ್ತೇ ಬಕೆಟ್ ನೀರು, ನಾನು ಎಣಿಸಿದ್ದೆ, ಆದರೆ ಬರೆಯಬೇಕಾದಲ್ಲಿ ಬರೆಯಲಿಲ್ಲ ಎಂದು ಸೇರಿಸಿದೆ. ಓದಿದವನಿಗೆ ಅರ್ಥವಾಗಲಿಕ್ಕಿಲ್ಲ.

ಸಂಜೆ ಕಾರ್ಡು ಅಂಚೆ ಡಬ್ಬಿಗೆ ಹಾಕಲೆಂದು ಇಳಿದೆ. ಗೇಟಿನ ಹತ್ತಿರ ತರಕಾರಿ ಚೀಲ ಹಿಡಿದು ವಾರಿಜಕ್ಕ ಬರುತ್ತಿದ್ದಳು. ಫೋಟೋದ ಚಾಚಾ ತೀರಿಕೊಂಡರಂತೆ ಎಂದು ಹೇಳಿದೆ. ಹೌದಾ, ಪಾಪ, ಒಳ್ಳೆಯ ಜನ ಎಂದಳು. ಚೀಲವನ್ನು ಆ ಕೈಯಿಂದ ಈ ಕೈಗೆ ಬದಲಿಸಿದಳು. ಗ್ಯಾರೇಜಿನಲ್ಲಿ ಈಗ ಸೆಕ್ರೆಟರಿಯ ಸ್ಕೂಟರ್ ಇರುತ್ತದೆ. ಅದರ ಕಡೆ ಒಮ್ಮೆ ನೋಡಿ, ಮೆಟ್ಟಿಲು ಹತ್ತುತ್ತಾ, ಬೆಂಡೆಕಾಯಿಯ ರೇಟು ಹೇಳುವ ಧ್ವನಿಯಲ್ಲೇ ಹೇಳಿದಳು:

"ಆದ್ರೂ ಒಂದು ನೋಡು ಮಾರಾಯ್ತಿ, ಅವ್ರು ಹೋಗಿ ಮೂರು ವರ್ಷ ಆಯ್ತು, ನಮಗೆ ನೀರು ಒಂದು ಚೊಂಬೂ ಹೆಚ್ಚು ಬರ್ಲಿಲ್ಲ."